ಗ್ರಾಮಫೋನಿನಿಂದ ಮೊಬೈಲಿಗೆ: ದೊಡ್ಡವರು ಇಂಗ್ಲಿಷ್ ಕಲಿತ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ಊರಿನ ವೀರಗಲ್ಲುಗಳ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. 31 ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವನಿಂದ ಬೇರೇನನ್ನೂ ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಮಹೋತ್ಸವದ ಪೂರ್ವಭಾವಿ ಸಭೆಯ ದಿನ ನಡೆದ ಒಂದು ಸಣ್ಣ ಸಂಗತಿ ನನ್ನ ಮನಸ್ಸು ಬದಲಿಸಿತು.

ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದರು. ನನ್ನ ಜೊತೆ 1975ರಲ್ಲಿ ಈ ಶಾಲೆಯ ಮೊದಲ ಎಂಟನೇ ತರಗತಿಗೆ ಸೇರಿದ ಗೆಳೆಯನೊಬ್ಬ ಮಾತ್ರ ಆಟದ ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನೋ ಗೊಣಗುತ್ತಿದ್ದ. ಹತ್ತಿರ ಹೋದಾಗ ಗಕ್ಕನೆ ಫೋನನ್ನು ಜೇಬಿಗೆ ಹಾಕಿದ. ‘ಯಾರ ಹತ್ತಿರ ಮಾತಾಡ್ತಿದ್ದೆ?’ ಎಂದೆ. ‘ಯಾರ ಹತ್ರಾನೂ ಇಲ್ಲ ಕಣೋ’ ಎಂದವನು ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದ. ಇಂಗ್ಲಿಷ್ ಕಲಿಯುತ್ತಿದ್ದಾನಂತೆ, ಮೊಬೈಲಿನಲ್ಲಿ, ಏಳು ತಿಂಗಳಿಂದ. ಅವನದು ತೆಂಗಿನ ಸಸಿಗಳ ನರ್ಸರಿ. ಹೊರ ರಾಜ್ಯಗಳಿಂದ ಫೋನ್ ಬರುತ್ತದೆ. ‘ಪ್ರತಿ ಸಲ ಸೊಸೆ ಕೈಗೆ ಫೋನ್ ಕೊಡಬೇಕು. ನನ್ನ ಸಸಿ, ನನ್ನ ವ್ಯಾಪಾರ. ಮಾತು ಮಾತ್ರ ಅವಳದು. ಯಾರಿಗೂ ಹೇಳ್ಬೇಡ, ನಗ್ತಾರೆ.’

1978ರ ಎಸ್‌ಎಸ್‌ಎಲ್‌ಸಿಯಲ್ಲಿ ಇವನಿಗೆ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ಬಂದಿತ್ತು. ಇಂಗ್ಲಿಷಿನಲ್ಲಿ ಮಾತ್ರ 35 ದಾಟಲಿಲ್ಲ. ಮತ್ತೆರಡು ಸಲ ಕಟ್ಟಿದ, ಆಗಲೂ ದಾಟಲಿಲ್ಲ. ನಾನು ಕಾಲೇಜಿಗೆ ಹೋದೆ, ಅವನು ತೋಟಕ್ಕೆ ಹೋದ. ನಮ್ಮಿಬ್ಬರ ನಡುವೆ ಇದ್ದದ್ದು ಅಷ್ಟೇ ವ್ಯತ್ಯಾಸ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಆ ದಿನ ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು: ಶಾಲೆ ಬಿಟ್ಟ ದೊಡ್ಡವರು ಇಂಗ್ಲಿಷ್ ಕಲಿಯಲು ಮೊಬೈಲಿಗಿಂತ ಮುಂಚೆ ಏನೇನು ಮಾಡುತ್ತಿದ್ದರು? ಮೊಬೈಲ್ ಬಂದ ಮೇಲೆ ನಿಜವಾಗಿ ಬದಲಾದದ್ದು ಏನು?

ಮೇಷ್ಟ್ರಿಲ್ಲದೆ ಯಂತ್ರದಿಂದ ಭಾಷೆ ಕಲಿಯುವ ಆಸೆ ಹೊಸದಲ್ಲ. 1901ರಲ್ಲಿ ಲಂಡನ್ನಿನಲ್ಲಿ ಜಾಕ್ ರೋಸ್ಟನ್ ಎಂಬವರು ಲಿಂಗ್ವಾಫೋನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲು ಮೇಣದ ಸಿಲಿಂಡರುಗಳಲ್ಲಿ, ಆಮೇಲೆ ಗ್ರಾಮಫೋನ್ ತಟ್ಟೆಗಳಲ್ಲಿ ಪಾಠಗಳನ್ನು ಮುದ್ರಿಸಿ, ಜೊತೆಗೆ ಒಂದು ಪುಸ್ತಕ ಕೊಟ್ಟು ಮಾರಿದರು. ತಟ್ಟೆ ತಿರುಗುತ್ತದೆ, ಒಬ್ಬರು ಮಾತನಾಡುತ್ತಾರೆ, ಕೇಳುವವರು ಪುಸ್ತಕ ನೋಡುತ್ತ ಹಾಗೆಯೇ ಹೇಳಬೇಕು. ಆ ಕಾಲದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಧ್ವನಿ. ಈ ಮೂರು ನಿಮಿಷವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ. ಗ್ರಾಮಫೋನ್ ಕೊಳ್ಳಬಲ್ಲ ಮನೆಗಳಿಗೆ ಮಾತ್ರ ಈ ವಿದ್ಯೆ ಎಟುಕುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೇಡಿಯೋ ಈ ಗೋಡೆಯನ್ನು ಸ್ವಲ್ಪ ಒಡೆಯಿತು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1943ರಲ್ಲಿ, ಬಿಬಿಸಿ ‘ಇಂಗ್ಲಿಷ್ ಬೈ ರೇಡಿಯೋ’ ಪಾಠಗಳನ್ನು ಆರಂಭಿಸಿತು. 1959ರ ಅಕ್ಟೋಬರಿನಲ್ಲಿ ವಾಯ್ಸ್ ಆಫ್ ಅಮೆರಿಕಾ ‘ಸ್ಪೆಷಲ್ ಇಂಗ್ಲಿಷ್’ ಶುರುಮಾಡಿತು. ಸುಮಾರು 1500 ಪದಗಳಷ್ಟೇ ಬಳಸಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಸುದ್ದಿ ಓದುವ ಕ್ರಮ ಅದು. ಇದರ ಹಿಂದೆ ಶೀತಲ ಸಮರದ ರಾಜಕೀಯ ಇತ್ತು, ಇಲ್ಲವೆನ್ನಲಾಗದು. ಆದರೂ ಕೇಳಿದವರಿಗೆ ಉಪಕಾರವಾಯಿತು. ನಮಗೆ ಗಣಿತ ಹೇಳುತ್ತಿದ್ದ ಮೇಷ್ಟ್ರು ರಾತ್ರಿ ಶಾರ್ಟ್‌ವೇವ್ ತಿರುಗಿಸಿ ಆ ಸುದ್ದಿ ಕೇಳುತ್ತಿದ್ದರು. ಅವರ ಬಾಡಿಗೆ ಮನೆಗೆ ಹಾಲು ಕೊಡಲು ಹೋದಾಗ ಟ್ರಾನ್ಸಿಸ್ಟರಿನಿಂದ ಬರುತ್ತಿದ್ದ ಕೊರ್ ಕೊರ್ ಶಬ್ದದ ನಡುವಿನ ಆ ನಿಧಾನದ ದನಿ ಈಗಲೂ ನನ್ನ ಕಿವಿಯಲ್ಲಿದೆ. ತೊಂದರೆ ಏನೆಂದರೆ ರೇಡಿಯೋ ತನ್ನ ಹೊತ್ತಿಗೆ ಮಾತನಾಡಿ ಸುಮ್ಮನಾಗುತ್ತಿತ್ತು. ಹಾಲು ಕರೆಯುವ ಹೊತ್ತಿಗೆ ಪಾಠ ಬಂದರೆ ಪಾಠ ಹೋಯಿತೆಂದೇ ಅರ್ಥ. ಮತ್ತೊಮ್ಮೆ ಹೇಳಿ ಎಂದು ಕೇಳುವ ಹಾಗಿರಲಿಲ್ಲ.

ಮತ್ತೊಮ್ಮೆ ಕೇಳುವ ಅನುಕೂಲ ಕೊಟ್ಟದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದರೂ ನಮ್ಮ ಊರಿಗೆ ಟೇಪ್ ರೆಕಾರ್ಡರ್ ಬಂದದ್ದು ಎಷ್ಟೋ ವರ್ಷಗಳ ನಂತರ, ಅದೂ ಭಕ್ತಿಗೀತೆ ಮತ್ತು ನಾಟಕಗಳಿಗಾಗಿ. ನಮ್ಮ ಕಡೆ ದೊಡ್ಡವರು ಇಂಗ್ಲಿಷ್ ಕಲಿಯಲು ಹಿಡಿದದ್ದು ಪುಸ್ತಕವನ್ನೇ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗುಹಾಕಿರುತ್ತಿದ್ದ ‘30 ದಿನಗಳಲ್ಲಿ ಇಂಗ್ಲಿಷ್’ ಬಗೆಯ ಪುಸ್ತಕಗಳು, ದೆಹಲಿಯ ಪುಸ್ತಕ ಮಹಲ್‌ನವರ ರ‍್ಯಾಪಿಡೆಕ್ಸ್ ಇವೆಲ್ಲ ಎಷ್ಟು ಮನೆಗಳ ಅಟ್ಟದ ಮೇಲಿವೆಯೋ ಲೆಕ್ಕವಿಲ್ಲ. ನನ್ನ ಗೆಳೆಯನ ಮನೆಯಲ್ಲಿಯೂ ಒಂದಿದೆ. ಮೊದಲ ನಲವತ್ತು ಪುಟ ಮಾಸಿದೆ, ಉಳಿದದ್ದು ಹೊಸದಾಗಿಯೇ ಇದೆ. ನಾನು ಕಂಡ ಇಂಥ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಅದರಲ್ಲಿ ಪದದ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಅದನ್ನು ನೋಡಿ ಹೇಳಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ.

ಈ ನಡುವೆ ಸರ್ಕಾರ ಸುಮ್ಮನಿತ್ತು ಎನ್ನುವಂತಿಲ್ಲ. ಬೆಂಗಳೂರಿನಲ್ಲಿ 1963ರಲ್ಲೇ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆದರೆ ಅದು ಮುಖ್ಯವಾಗಿ ಶಿಕ್ಷಕರನ್ನು ತರಬೇತುಗೊಳಿಸಲು. ನಮ್ಮ ಕಾಲದಲ್ಲಿ ಕನ್ನಡ ಶಾಲೆಯ ಮಕ್ಕಳು ಐದನೇ ತರಗತಿಯಲ್ಲಿ ಎ ಬಿ ಸಿ ಡಿ ಬರೆಯುತ್ತಿದ್ದರು. ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007ರಲ್ಲಿ. ಅದಕ್ಕಿಂತ ಮುಂಚೆ ಶಾಲೆ ಬಿಟ್ಟ ತಲೆಮಾರುಗಳ ಪಾಲಿಗೆ ಅದರಿಂದ ಏನೂ ಬರಲಿಲ್ಲ. ಅವರನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವ ವ್ಯವಸ್ಥೆ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೂ ಎಷ್ಟು ಮಂದಿ ಬಂದು ಕೂರುತ್ತಿದ್ದರು ಎಂಬುದು ಬೇರೆ ಮಾತು. ನಲವತ್ತು ದಾಟಿದ ಗಂಡಸೋ ಹೆಂಗಸೋ ಊರವರ ಮುಂದೆ ‘ಶಿ ಗೋ’ ಎಂದು ತಪ್ಪು ಹೇಳಿ ತಿದ್ದಿಸಿಕೊಳ್ಳುವುದು ಸುಲಭವಲ್ಲ.

ಹೀಗಿರುವಾಗ ಮೊಬೈಲ್ ಬಂತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ದೆಹಲಿಗೆ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಅದು ತಪ್ಪಿದ್ದು 2003ರಲ್ಲಿ. ಅಲ್ಲಿಂದ ಮುಂದೆ ಆರೇಳು ವರ್ಷಗಳಲ್ಲಿ ಕೂಲಿ ಮಾಡುವವರ ಕೈಗೂ ಫೋನ್ ಬಂತು, ಬಟನ್ ಒತ್ತುವ ಸಣ್ಣ ಫೋನು. ಇದರಲ್ಲಿ ಆ್ಯಪ್ ಇಲ್ಲ, ಇಂಟರ್‌ನೆಟ್ ಇಲ್ಲ. ಆದರೂ ಇದರಿಂದಲೇ ಇಂಗ್ಲಿಷ್ ಕಲಿಸಬಹುದೆಂದು ತೋರಿಸಿದ್ದು ನೆರೆಯ ಬಾಂಗ್ಲಾದೇಶ. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮೆಚ್ಚುಗೆಯಾದ ಅಧ್ಯಾಯ ಇದು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2008ರಲ್ಲಿ ಬ್ರಿಟಿಷ್ ಸರ್ಕಾರದ ನೆರವಿನಿಂದ ಬಾಂಗ್ಲಾದೇಶದಲ್ಲಿ ‘ಇಂಗ್ಲಿಷ್ ಇನ್ ಆ್ಯಕ್ಷನ್’ ಎಂಬ ಯೋಜನೆ ಆರಂಭವಾಯಿತು. ಒಂಬತ್ತು ವರ್ಷದ ಯೋಜನೆ, 5 ಕೋಟಿ ಪೌಂಡ್ ಹಣ, 2.5 ಕೋಟಿ ಜನರನ್ನು ತಲುಪಬೇಕೆಂಬ ಗುರಿ. ಅದರ ಒಂದು ಭಾಗ ಶಾಲೆಗಳಿಗೆ, ಇನ್ನೊಂದು ಭಾಗ ಶಾಲೆಯ ಹೊರಗಿನ ದೊಡ್ಡವರಿಗೆ. ದೊಡ್ಡವರ ಭಾಗಕ್ಕೆ ‘ಬಿಬಿಸಿ ಜಾನಾಲಾ’ ಎಂದು ಹೆಸರಿಟ್ಟರು. ಜಾನಾಲಾ ಎಂದರೆ ಬಂಗಾಳಿಯಲ್ಲಿ ಕಿಟಕಿ. 2009ರ ನವೆಂಬರಿನಲ್ಲಿ ಕಿಟಕಿ ತೆರೆಯಿತು.

ಕ್ರಮ ಬಲು ಸರಳ. ಯಾವುದೇ ಫೋನಿನಿಂದ 3000 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಬಂಗಾಳಿಯಲ್ಲಿ ಒಂದು ದನಿ ಮಾತನಾಡಿಸುತ್ತದೆ. ನಿಮ್ಮ ಮಟ್ಟಕ್ಕೆ ತಕ್ಕ ಪಾಠವನ್ನು ಬಟನ್ ಒತ್ತಿ ಆರಿಸಿಕೊಳ್ಳಬೇಕು. ಪಾಠ ಮೂರು ನಿಮಿಷದ್ದು. ರೋಸ್ಟನ್ನರ ಗ್ರಾಮಫೋನ್ ತಟ್ಟೆಯ ಮೂರು ನಿಮಿಷ ನೂರು ವರ್ಷದ ನಂತರ ಹೀಗೆ ಮರಳಿ ಬಂತು. ಅಂದು ತಟ್ಟೆಯಲ್ಲಿ ಜಾಗ ಇರಲಿಲ್ಲ, ಇಂದು ಕೇಳುವವರ ಜೇಬಿನಲ್ಲಿ ಹೆಚ್ಚು ದುಡ್ಡಿಲ್ಲ. ಆ ದೇಶದ ಆರು ಮೊಬೈಲ್ ಕಂಪನಿಗಳೂ ಈ ಸಂಖ್ಯೆಗೆ ಕರೆಯ ದರ ಇಳಿಸಲು ಒಪ್ಪಿದವು. ಪರಸ್ಪರ ಗಿರಾಕಿಗಳನ್ನು ಕಸಿಯುವ ಕಂಪನಿಗಳು ಒಂದೇ ಸಂಖ್ಯೆಗೆ ಒಪ್ಪಿದ್ದು ನನಗಂತೂ ಪಾಠಕ್ಕಿಂತ ದೊಡ್ಡ ಸಾಧನೆ ಎನಿಸುತ್ತದೆ. ಪಾಠಕ್ಕೆ ತಗುಲುತ್ತಿದ್ದದ್ದು ಕೆಲವೇ ಟಾಕಾ. ಅದೇ ಪಾಠಗಳು ‘ಪ್ರಥಮ್ ಆಲೊ’ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು, ಟಿವಿಯಲ್ಲಿ ಕಾರ್ಯಕ್ರಮ ಬರುತ್ತಿತ್ತು. ಫೋನಿನಲ್ಲಿ ಕೇಳಿ, ಪತ್ರಿಕೆಯಲ್ಲಿ ನೋಡಿ, ಟಿವಿಯಲ್ಲಿ ಮತ್ತೊಮ್ಮೆ ಕಾಣುವ ಹಾಗೆ ಒಂದಕ್ಕೊಂದು ಹೆಣೆದಿದ್ದರು. ಇದೇ ಯೋಜನೆಯ ಶಾಲೆಯ ಭಾಗದಲ್ಲಿ ಹಳ್ಳಿ ಶಿಕ್ಷಕರಿಗೆ ಮೆಮೊರಿ ಕಾರ್ಡಿನಲ್ಲಿ ಧ್ವನಿ ಮತ್ತು ವಿಡಿಯೊ ಪಾಠ ತುಂಬಿದ ಮೊಬೈಲುಗಳನ್ನು ಕೊಟ್ಟರು. ಇಂಟರ್‌ನೆಟ್ ಬೇಕಿರಲಿಲ್ಲ. ‘ಜೇಬಿನಲ್ಲಿರುವ ತರಬೇತುದಾರ’ ಎಂದು ಅದನ್ನು ಕರೆದರು.

ಜಾನಾಲಾದಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಅದು ಇಂಗ್ಲಿಷನ್ನು ಬಂಗಾಳಿಯ ಮೂಲಕ ಕಲಿಸಿತು. ತಾಯ್ನುಡಿಯನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ಇನ್ನೊಂದು, ಮನೆಯ ಮೂಲೆಯಲ್ಲಿ ಕುಳಿತು ಕೇಳುವವರನ್ನು ಯಾರೂ ನೋಡುವುದಿಲ್ಲ. ಫೋನಿನಲ್ಲಿ ಯಾರ ಹತ್ತಿರವೋ ಮಾತನಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ, ನಾನು ಹೊಂಗೆ ಮರದ ಕೆಳಗೆ ಅಂದುಕೊಂಡ ಹಾಗೆ.

ಅದೇ 2009ರಲ್ಲಿ ನಮ್ಮ ದೇಶದಲ್ಲಿ ನೋಕಿಯಾ ಕಂಪನಿ ‘ಲೈಫ್ ಟೂಲ್ಸ್’ ಎಂಬ ಸೇವೆ ತಂದಿತು. ಮಂಡಿ ಧಾರಣೆ, ಹವಾಮಾನ ಇತ್ಯಾದಿ ಎಸ್‌ಎಂಎಸ್‌ನಲ್ಲಿ ಬರುತ್ತಿದ್ದವು. ಇಂಗ್ಲಿಷ್ ಕಲಿಕೆಯೂ ಅದರ ಒಂದು ಭಾಗವಾಗಿತ್ತು. ಕೊಬ್ಬರಿ ಧಾರಣೆಯ ಪಕ್ಕದಲ್ಲಿ ಇಂಗ್ಲಿಷ್ ಪದ! ಆದರೆ ಬರಹದ ಪದಕ್ಕೆ ದನಿ ಇಲ್ಲ. ಬಸ್ ನಿಲ್ದಾಣದ ಪುಸ್ತಕದ ಕೊರತೆಯೇ ಅಲ್ಲಿಯೂ ಇತ್ತು.

ಈಗ ಆ್ಯಪ್‌ಗಳ ಕಾಲಕ್ಕೆ ಬರೋಣ. ಇವುಗಳಲ್ಲಿ ಅತಿ ಹೆಸರುವಾಸಿ ಡ್ಯುಯೊಲಿಂಗೊ. ಇದನ್ನು ಕಟ್ಟಿದವರು ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೂಯಿಸ್ ಫಾನ್ ಆನ್ ಮತ್ತು ಅವರ ವಿದ್ಯಾರ್ಥಿ ಸೆವೆರಿನ್ ಹ್ಯಾಕರ್. ಫಾನ್ ಆನ್ ಹುಟ್ಟಿದ್ದು ಗ್ವಾಟೆಮಾಲಾ ಎಂಬ ಬಡ ದೇಶದಲ್ಲಿ. ಅಲ್ಲಿ ಇಂಗ್ಲಿಷ್ ಬಂದವರಿಗೆ ಒಳ್ಳೆಯ ಸಂಬಳ, ಆದರೆ ಇಂಗ್ಲಿಷ್ ಕಲಿಯಲು ದುಡ್ಡು ಬೇಕು, ದುಡ್ಡಿಲ್ಲದವರಿಗೆ ದಾರಿಯಿಲ್ಲ. ಇದನ್ನು ಕಂಡೇ ಉಚಿತವಾಗಿ ಕಲಿಸುವ ಯೋಚನೆ ಬಂತೆಂದು ಅವರು ಹೇಳಿಕೊಂಡಿದ್ದಾರೆ. ಗ್ವಾಟೆಮಾಲಾ ಎಲ್ಲಿದೆ ಎಂದು ನಮ್ಮ ಗೆಳೆಯನಿಗೆ ಗೊತ್ತಿಲ್ಲದಿರಬಹುದು, ಆದರೆ ಅಲ್ಲಿನ ಕಷ್ಟ ಅವನಿಗೆ ಚೆನ್ನಾಗಿ ಗೊತ್ತು. 2012ರ ಜೂನ್‌ನಲ್ಲಿ ಅದು ಎಲ್ಲರಿಗೂ ತೆರೆಯಿತು, ಅದೇ ವರ್ಷದ ಕೊನೆಗೆ ಫೋನಿಗೂ ಬಂತು.

ಇಂಥ ಆ್ಯಪ್‌ಗಳ ಒಳಗಿನ ಉಪಾಯ ಹಳೆಯದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದನ್ನು ನಾವು ಎಷ್ಟು ವೇಗವಾಗಿ ಮರೆಯುತ್ತೇವೆ ಎಂಬುದನ್ನು 1885ರಲ್ಲಿ ಪ್ರಕಟಿಸಿದ. 1967ರಲ್ಲಿ ಪಾಲ್ ಪಿಮ್ಸ್‌ಲರ್ ಎಂಬ ಭಾಷಾ ವಿದ್ವಾಂಸರು ಒಂದು ವೇಳಾಪಟ್ಟಿಯನ್ನೇ ಕೊಟ್ಟರು: ಹೊಸ ಪದವನ್ನು 5 ಸೆಕೆಂಡಿನ ನಂತರ ಮತ್ತೆ ಕೇಳಬೇಕು, ಆಮೇಲೆ 25 ಸೆಕೆಂಡಿಗೆ, ಆಮೇಲೆ 2 ನಿಮಿಷಕ್ಕೆ, 10 ನಿಮಿಷಕ್ಕೆ, 1 ಗಂಟೆಗೆ, ಹೀಗೆ ಅಂತರ ಹೆಚ್ಚುತ್ತ ದಿನಗಳಿಗೆ, ತಿಂಗಳುಗಳಿಗೆ ಹೋಗಬೇಕು. ಮಗ್ಗಿ ಬಾಯಿಪಾಠ ಮಾಡಿಸಿದ ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಈ ಗುಟ್ಟು ಗೊತ್ತಿತ್ತು, ಪಟ್ಟಿ ಮಾತ್ರ ಬರೆದಿರಲಿಲ್ಲ. ಆದರೆ ಅರವತ್ತು ಮಕ್ಕಳಿರುವ ತರಗತಿಯಲ್ಲಿ ಯಾರು ಯಾವ ಪದವನ್ನು ಯಾವಾಗ ಮರೆತರು ಎಂದು ಯಾವ ಮೇಷ್ಟ್ರು ತಾನೇ ಲೆಕ್ಕ ಇಡಲು ಸಾಧ್ಯ? ಆ್ಯಪ್ ಇಡುತ್ತದೆ. ತಪ್ಪಿದ ಪದವನ್ನು ಬೇಗ ಮತ್ತೆ ತಂದು ಎದುರಿಗಿಡುತ್ತದೆ, ಬಂದ ಪದವನ್ನು ದೂರ ತಳ್ಳುತ್ತದೆ. ಆ್ಯಪಿನಲ್ಲಿ ನಿಜವಾದ ವಿದ್ಯೆ ಎಂದರೆ ಇದೇ ಎಂದು ನನ್ನ ಅಭಿಪ್ರಾಯ. ಅಂಕ, ಪದಕ, ಸತತ ಇಷ್ಟು ದಿನ ಬಂದಿರಿ ಎಂಬ ಹೊಗಳಿಕೆ ಇವೆಲ್ಲ ಜಾತ್ರೆಯ ಬತ್ತಾಸು. ಬತ್ತಾಸಿನ ಆಸೆಗೆ ಬಂದವರೂ ದೇವರ ದರ್ಶನ ಮಾಡುತ್ತಾರೆ ಎಂದು ನನ್ನ ಮಗಳು ವಾದಿಸುತ್ತಾಳೆ, ಇರಲಿ.

ನಮ್ಮ ಭಾಷೆಗಳ ಕಡೆ ನೋಡಿದರೆ 2014ರಲ್ಲಿ ಜೈಪುರದಿಂದ ಬಂದ ‘ಹಲೋ ಇಂಗ್ಲಿಷ್’ ಮುಖ್ಯ. ಅದು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಮೂಲಕ ಇಂಗ್ಲಿಷ್ ಕಲಿಸುತ್ತದೆ. ಆದರೆ ಆಗ ಸ್ಮಾರ್ಟ್‌ಫೋನ್ ಇದ್ದವರೂ ಒಂದು ಜಿಬಿ ಡೇಟಾವನ್ನು ತಿಂಗಳಿಡೀ ಜೋಪಾನ ಮಾಡುತ್ತಿದ್ದರು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದ ಮೇಲೆ ಆ ಜಿಪುಣತನ ಹೋಯಿತು. ಶಿಕ್ಷಕರ ದಿನಾಚರಣೆಯಂದೇ ಅದು ಬಂದದ್ದು ಕಾಕತಾಳೀಯ ಇರಬೇಕು.

ಇವೆಲ್ಲ ಉಪಯೋಗವಾಗುತ್ತವೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ್ದು ಅಮೆರಿಕದಲ್ಲಿ. ಶ್ರೀಮಂತ ದೇಶವಾದರೂ ಅಲ್ಲಿ ಇಂಗ್ಲಿಷ್ ಓದಲು ಬಾರದ ದೊಡ್ಡವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಬೇರೆ ದೇಶಗಳಿಂದ ಬಂದು ಹೋಟೆಲು, ತೋಟಗಳಲ್ಲಿ ದುಡಿಯುವವರು ಅನೇಕ. 2015ರಲ್ಲಿ ಬಾರ್ಬರಾ ಬುಷ್ ಪ್ರತಿಷ್ಠಾನ ಮತ್ತು ಎಕ್ಸ್‌ಪ್ರೈಜ್ ಸಂಸ್ಥೆ ಸೇರಿ, ಇಂಥವರಿಗಾಗಿ ಮೊಬೈಲ್ ಆ್ಯಪ್ ಮಾಡುವವರಿಗೆ 70 ಲಕ್ಷ ಡಾಲರಿನ ಸ್ಪರ್ಧೆ ಇಟ್ಟರು. ಲಾಸ್ ಏಂಜಲೀಸ್, ಫಿಲಡೆಲ್ಫಿಯಾ, ಡಲ್ಲಾಸ್ ನಗರಗಳಲ್ಲಿ, ಮೂರನೇ ತರಗತಿಯ ಮಟ್ಟಕ್ಕಿಂತ ಮೇಲೆ ಓದಲು ಬಾರದ 12,000ಕ್ಕೂ ಹೆಚ್ಚು ದೊಡ್ಡವರ ಕೈಗೆ ಆ್ಯಪ್ ಕೊಟ್ಟು ನೋಡಿದರು. 2019ರಲ್ಲಿ ‘ಲರ್ನಿಂಗ್ ಅಪ್‌ಗ್ರೇಡ್’ ಮತ್ತು ‘ಪೀಪಲ್ ಫಾರ್‌ವರ್ಡ್ಸ್’ ಎಂಬ ಎರಡು ತಂಡಗಳು ಮೊದಲ ಬಹುಮಾನ ಹಂಚಿಕೊಂಡವು. ಮೊದಲನೆಯದು ಹಾಡುಗಳ ಮೂಲಕ ಕಲಿಸುತ್ತದೆ, ಎರಡನೆಯದು ಒಂದು ಸಾಹಸದ ಆಟದ ಮೂಲಕ. ಫೋನಿನಿಂದ ದೊಡ್ಡವರು ಕಲಿಯಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಎಲ್ಲರೂ ಕೊನೆಯವರೆಗೆ ಕಲಿಯುತ್ತಾರೆ ಎಂಬುದಕ್ಕೆ ಸಾಕ್ಷಿಯಲ್ಲ. ಪುಸ್ತಕವಾದರೆ ನಲವತ್ತನೇ ಪುಟದಲ್ಲಿ ನಿಂತ ಗುರುತು ಉಳಿಯುತ್ತದೆ, ಆ್ಯಪ್ ಬಿಟ್ಟವರ ಗುರುತೂ ಉಳಿಯುವುದಿಲ್ಲ.

ಈಚಿನ ಬದಲಾವಣೆ ಇನ್ನೂ ದೊಡ್ಡದು. 2023ರ ಮಾರ್ಚ್‌ನಿಂದ ಡ್ಯುಯೊಲಿಂಗೊ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಲಿಯುವವರ ಜೊತೆ ಸಂಭಾಷಣೆ ನಡೆಸತೊಡಗಿತು. ಗ್ರಾಮಫೋನ್ ಹೇಳಿದ್ದನ್ನೇ ಹೇಳುತ್ತಿತ್ತು, ರೇಡಿಯೋ ಒಮ್ಮೆ ಹೇಳಿ ಹೋಗುತ್ತಿತ್ತು. ಈಗ ಯಂತ್ರ ನಮ್ಮ ಮಾತಿಗೆ ತಕ್ಕ ಉತ್ತರ ಕೊಡುತ್ತದೆ. ಆದರೆ ಹಣ ಕೊಟ್ಟವರಿಗೆ. ಉಚಿತವಾಗಿ ಕಲಿಸಲು ಹೊರಟ ಆ್ಯಪಿನಲ್ಲಿಯೂ ಒಳ್ಳೆಯ ಪಾಠಕ್ಕೆ ಬೀಗ ಬಿದ್ದದ್ದು ನನಗೆ ಸರಿಕಾಣಲಿಲ್ಲ.

ಇಷ್ಟನ್ನು ಓದಿಕೊಂಡು ಗೆಳೆಯನ ನರ್ಸರಿಗೆ ಹೋದೆ. ಫೋನ್ ಕಲಿಸಿದ್ದರಿಂದ ಏನಾಯಿತು ಎಂದು ನೇರವಾಗಿ ಕೇಳಿದೆ. ‘ಅದು ನಗಲ್ಲ ಕಣೋ’ ಎಂದ. ‘ಒಂದೇ ತಪ್ಪನ್ನ ಇಪ್ಪತ್ತು ಸಲ ಮಾಡಿದ್ರೂ ಇಪ್ಪತ್ತೊಂದನೇ ಸಲ ಹಾಗೇ ಕೇಳುತ್ತೆ. ನಮ್ ಇಂಗ್ಲಿಷ್ ಮೇಷ್ಟ್ರು ಎರಡನೇ ಸಲಕ್ಕೇ ಬೆತ್ತ ತಗೋತಿದ್ರು.’ ಹಾಗಾದರೆ ಹೊರಗಿನ ಗಿರಾಕಿಗಳ ಜೊತೆ ಮಾತನಾಡಿದೆಯಾ ಎಂದೆ. ಇಲ್ಲವಂತೆ. ಪದ ಬರುತ್ತವೆ, ವಾಕ್ಯ ಬರುತ್ತದೆ, ಫೋನ್ ರಿಂಗಾದರೆ ಮಾತ್ರ ಈಗಲೂ ಕೈ ಸೊಸೆಯ ಕಡೆಗೇ ಹೋಗುತ್ತದೆ. ‘ಮಿಷನ್ ಹತ್ರ ಧೈರ್ಯ ಇದೆ, ಮನುಷ್ಯರ ಹತ್ರ ಇಲ್ಲ.’

ನಾನು ಓದಿದ ಇತಿಹಾಸದಲ್ಲೆಲ್ಲ ಈ ತೊಡಕು ಇದೆ, ಆದರೆ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ದೊಡ್ಡವರಿಗೆ ತಪ್ಪು ಮಾಡಲು ಒಂದು ಮರೆ ಬೇಕಿತ್ತು, ಮೊಬೈಲ್ ಅದನ್ನು ಕೊಟ್ಟಿತು. ಆ ಮರೆಯಿಂದ ಹೊರಗೆ ಬರಲು ನಗದೆ ಕೇಳುವ ನಾಲ್ಕು ಜನ ಬೇಕು. ಅದನ್ನು ಯಾವ ಆ್ಯಪೂ ಕಳಿಸಿಕೊಡುವುದಿಲ್ಲ.

ಮಹೋತ್ಸವ ಸಮಿತಿಯ ಮುಂದಿನ ಸಭೆಯಲ್ಲಿ ವಿಷಯ ಪ್ರಸ್ತಾಪಿಸಿದೆ. ಮುಖ್ಯ ಶಿಕ್ಷಕಿಯವರು ಭಾನುವಾರ ಸಂಜೆ 5ರಿಂದ 6ರವರೆಗೆ 8ನೇ ತರಗತಿಯ ಬಿ ವಿಭಾಗದ ಕೊಠಡಿಯ ಬೀಗದ ಕೈ ಕೊಟ್ಟರು. ಪರೀಕ್ಷೆಯಿಲ್ಲ, ಹಾಜರಿಯಿಲ್ಲ, ಫೀಸಿಲ್ಲ. ವಾರವಿಡೀ ಫೋನಿನಲ್ಲಿ ಕಲಿತದ್ದನ್ನು ಅಲ್ಲಿ ಬಂದು ಒಬ್ಬರಿಗೊಬ್ಬರು ಹೇಳುವುದು, ಅಷ್ಟೇ. ಮೊದಲ ವಾರ ಆರು ಜನ ಬಂದರು. ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಒಬ್ಬರು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವರು, ಇಬ್ಬರು ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಬಾಯಿ ಬಿಡಲಾಗದೆ ನೊಂದ ತಾಯಂದಿರು, ಒಬ್ಬ ಲಾರಿ ಚಾಲಕ, ಮತ್ತೆ ನಮ್ಮ ಗೆಳೆಯ. ಕಿಟಕಿ ಬಾಗಿಲು ಹಾಕಿರಬೇಕೆಂಬುದು ಎಲ್ಲರ ಷರತ್ತು.

ನಾಲ್ಕನೇ ಭಾನುವಾರ ನಾವು ಗೆಳೆಯನ ಫೋನನ್ನು ಮೇಜಿನ ಮೇಲಿಟ್ಟು, ನಾನು ಪೊಳ್ಳಾಚಿಯ ಗಿರಾಕಿಯಾದೆ, ಅವನು ಸಸಿ ಮಾರುವವನಾದ. ಅಂಗನವಾಡಿ ಅಕ್ಕ ದಲ್ಲಾಳಿಯಾಗಿ ಇಬ್ಬರ ನಡುವೆ ದರ ಚೌಕಾಸಿ ಮಾಡಿದರು. ಹನ್ನೊಂದು ನಿಮಿಷ ನಡೆಯಿತು. ಸಸಿಯೊಂದಕ್ಕೆ ನಾನು ಕೇಳಿದ ದರಕ್ಕೆ ಅವನು ಒಪ್ಪಲೇ ಇಲ್ಲ, ಇಂಗ್ಲಿಷಿನಲ್ಲಿಯೇ ಒಪ್ಪಲಿಲ್ಲ. ಹೋಗುವಾಗ ಅವನೇ ಎದ್ದು ಕಿಟಕಿ ತೆರೆದು, ಸೆಕೆ ಎಂದ.